ಗದ್ಯಭಾಗವನ್ನು ಓದಿ ಉತ್ತರಿಸಿ

ಇಶಾ ನಮಾಝ್ ಮುಗಿದು, ಊಟದ ತಟ್ಟೆಗಳನ್ನು ಎತ್ತಿಟ್ಟ ಮೇಲೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತಿತ್ತು. 2024ರ ಜೂನ್‌ನಿಂದ ನವೆಂಬರ್‌ವರೆಗೆ, ನೆಂಟರ ಮದುವೆಯ ರಾತ್ರಿಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಪ್ರತಿದಿನ. ಮೊಬೈಲಿನಲ್ಲಿ ಹತ್ತು ನಿಮಿಷ ಇಟ್ಟು ಅದನ್ನು ನೀರಿನ ತಂಬಿಗೆಗೆ ಒರಗಿಸುವುದು. ಒಂದು ಇಂಗ್ಲಿಷ್ ಪ್ಯಾಸೇಜ್, ಅದರ ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಪರೀಕ್ಷೆ ಬರೆಯಬೇಕಾದವಳು ಮಗಳು. ಆದರೆ ಪೆನ್ಸಿಲ್ ಹಿಡಿದು ಕೂತವರು ಮೂವರು.

ನಾವು ಎಂದರೆ ಗಂಡ ಹೆಂಡತಿ. ನಮ್ಮಿಬ್ಬರಲ್ಲಿ ಒಬ್ಬರು ಕನ್ನಡದಲ್ಲಿ ಕಥೆ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಎಲ್ಲರಿಗಿಂತ ಮೊದಲು ಓದಿ, ‘ಇದರಲ್ಲಿ ನಮ್ಮ ಚಾಚಾರ ವಿಷಯ ಹಾಕಬಾರದಿತ್ತು’ ಎಂದು ಹೇಳುತ್ತಾರೆ. ಇಬ್ಬರೂ ನಲವತ್ತು ದಾಟಿದವರು. ಇಬ್ಬರೂ ಏಳನೆಯ ತರಗತಿಯವರೆಗೆ ದಾವಣಗೆರೆಯಲ್ಲಿ ಉರ್ದು ಶಾಲೆಗೆ ಹೋಗಿ, ಎಂಟನೆಯ ತರಗತಿಯಿಂದ ಕನ್ನಡ ಮಾಧ್ಯಮಕ್ಕೆ ಬಂದವರು. ಇಂಗ್ಲಿಷ್ ನಮಗೆ ಐದನೆಯ ತರಗತಿಯಲ್ಲಿ ಪರಿಚಯವಾಯಿತು. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007ರಿಂದ. ಆ ಹೊತ್ತಿಗೆ ನಾವು ಮಕ್ಕಳ ತಂದೆ ತಾಯಿ ಆಗಿದ್ದೆವು.

ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಐಐಎಂಗಳು ನಡೆಸುವ ಕ್ಯಾಟ್ ಪರೀಕ್ಷೆ ಬರೆಯುತ್ತೇನೆ ಎಂದಳು. ಬೆಂಗಳೂರಿನಲ್ಲಿಟ್ಟು ಕೋಚಿಂಗ್ ಕೊಡಿಸುವ ಶಕ್ತಿ ನಮಗಿರಲಿಲ್ಲ. ಅವಳ ಸೀನಿಯರ್ ಒಬ್ಬರಿಂದ ಹಳೆಯ ಪುಸ್ತಕಗಳು ಬಂದವು. ಲೆಕ್ಕವನ್ನು ಅವಳೇ ಮಾಡಿಕೊಳ್ಳುತ್ತಿದ್ದಳು. ಇಂಗ್ಲಿಷ್ ಭಾಗಕ್ಕೆ ಬಂದಾಗ ಮಾತ್ರ ಒಂಟಿಯಾಗಿ ಕೂತು ಗೊಣಗುತ್ತಿದ್ದಳು. ಒಂದು ರಾತ್ರಿ, ‘ನೀವಿಬ್ರೂ ಕೂತ್ಕೊಳ್ಳಿ. ನಿಮಗೆ ಉತ್ತರ ಗೊತ್ತಿರಬೇಕು ಅಂತಿಲ್ಲ. ನಂಜೊತೆ ಜಗಳ ಆಡೋರು ಬೇಕು’ ಎಂದಳು. ಜಗಳಕ್ಕೆ ಜನ ಬೇಕೆಂದರೆ ನಮ್ಮ ಮನೆಯಲ್ಲಿ ಯಾವತ್ತೂ ಕೊರತೆ ಆಗಿದ್ದಿಲ್ಲ.

ಪರೀಕ್ಷೆಯ ಲೆಕ್ಕಾಚಾರ ಹೀಗಿತ್ತು. ಒಟ್ಟು ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೂ 40 ನಿಮಿಷ. ಮೊದಲ ಭಾಗವೇ ಇಂಗ್ಲಿಷ್. ಅದರ 24 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ನಾಲ್ಕು ಪ್ಯಾಸೇಜ್‌ಗಳ ಮೇಲೆ. ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಿದರೆ ಗಳಿಸಿದ್ದರಲ್ಲಿ ಒಂದು ಕಡಿತ. ಸುಮ್ಮನಿದ್ದರೆ ನಷ್ಟವಿಲ್ಲ. ಹಾಗಾಗಿ ಗೊತ್ತಿಲ್ಲದಿದ್ದಾಗ ಬಾಯಿ ಮುಚ್ಚಿಕೊಂಡಿರುವುದಕ್ಕೂ ಇಲ್ಲಿ ಬೆಲೆಯುಂಟು. ಇದು ನಮಗೆ ತುಂಬಾ ಹಿಡಿಸಿತು; ಪಾಲಿಸಲು ಮಾತ್ರ ಆಗಲಿಲ್ಲ.

ಪ್ಯಾಸೇಜ್ ನಮಗೇನು ಹೊಸದಲ್ಲ. ಉರ್ದು ಶಾಲೆಯಲ್ಲಿ ಅದಕ್ಕೆ ಇಬಾರತ್ ಎನ್ನುತ್ತಿದ್ದರು. ಕನ್ನಡಕ್ಕೆ ಬಂದಾಗ ಗದ್ಯಭಾಗ ಆಯಿತು. ಎಸ್‌ಎಸ್‌ಎಲ್‌ಸಿ ಇಂಗ್ಲಿಷಿನಲ್ಲಿ ಪ್ಯಾಸೇಜ್. ಮೂರೂ ಕಡೆ ನಮಗೆ ಗೊತ್ತಿದ್ದ ವಿದ್ಯೆ ಒಂದೇ. ಪ್ರಶ್ನೆಯಲ್ಲಿರುವ ದೊಡ್ಡ ಪದವನ್ನು ಹಿಡಿದುಕೊಳ್ಳುವುದು, ಮೇಲೆ ಅದು ಎಲ್ಲಿದೆ ಎಂದು ಬೆರಳಿಟ್ಟು ಹುಡುಕುವುದು, ಸಿಕ್ಕಿದ ಸಾಲನ್ನು ಹಾಗೇ ಇಳಿಸುವುದು. ಅರ್ಥ ಆಗಬೇಕೆಂದೇನೂ ಇಲ್ಲ. ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಾದರೆ ಸಾಕು, ಅದಕ್ಕೆ ಚುಕ್ಕಿ ಇದ್ದೇ ಇದೆ. ಪೂರ್ತಿ ಅಂಕ. ನಮ್ಮ ತರಗತಿಯ ಎಷ್ಟೋ ಮಕ್ಕಳು ಇಂಗ್ಲಿಷಿನಲ್ಲಿ ದಡ ಹತ್ತಿದ್ದು ಹೀಗೆ. ನಮಗೆ ಕಲಿಸಿದ ಮೇಷ್ಟರನ್ನು ದೂರುತ್ತಿಲ್ಲ. ಅವರ ಕೈಯಲ್ಲಿದ್ದದ್ದು ನಲವತ್ತೈದು ನಿಮಿಷ, ಎದುರಿಗಿದ್ದದ್ದು ಅರವತ್ತು ಮಕ್ಕಳು.

ಮದರಸಾದಲ್ಲಿ ಓದಿದ ನಾಝಿರಾವೂ ಇದೆಯಲ್ಲ. ಕುರ್‌ಆನನ್ನು ಅರಬಿಯಲ್ಲಿ ಮೊದಲಿಂದ ಕೊನೆಯವರೆಗೆ ಓದಿದೆವು. ಯಾವ ಅಕ್ಷರ ಗಂಟಲಿನಿಂದ, ಯಾವುದು ನಾಲಗೆಯ ತುದಿಯಿಂದ ಎಂಬುದನ್ನು ಹಝ್ರತ್ ತಾಳ್ಮೆಯಿಂದ ತಿದ್ದಿದರು. ಅದರ ಪುಣ್ಯ, ಅದರ ನೆಮ್ಮದಿ ಬೇರೆ. ಅದನ್ನು ಯಾವ ಪರೀಕ್ಷೆಯ ಜೊತೆಗೂ ತೂಗುವಂತಿಲ್ಲ. ಆದರೆ ಅರ್ಥಕ್ಕಾಗಿ ತರ್ಜುಮೆ ಬಿಚ್ಚಿದ್ದು ಮೂವತ್ತರ ಹತ್ತಿರ ಬಂದ ಮೇಲೆ ಎಂಬುದೂ ನಿಜ.

ಮಗಳ ಪುಸ್ತಕದಲ್ಲಿ ನಮ್ಮ ಹಳೆಯ ವಿದ್ಯೆಯೇ ನಮಗೆ ತಿರುಗಿಬಿತ್ತು. ಪ್ಯಾಸೇಜಿನ ಪದಗಳನ್ನೇ ಎತ್ತಿಕೊಂಡು ಬಂದ ಉತ್ತರ ಕಂಡಕೂಡಲೇ ನಾವು ಟಿಕ್ ಹಾಕುತ್ತಿದ್ದೆವು. ಅದೇ ಬೋನು. ಸರಿಯಾದ ಉತ್ತರ ಬೇರೆ ಮಾತುಗಳನ್ನು ತೊಟ್ಟುಕೊಂಡು, ಗುರುತು ಸಿಗದಂತೆ ಮೂಲೆಯಲ್ಲಿ ನಿಂತಿರುತ್ತಿತ್ತು. ಒಂದು ಉತ್ತರದಲ್ಲಿ ಮುಕ್ಕಾಲು ಪಾಲು ಸರಿ, ಕೊನೆಯ ನಾಲ್ಕು ಪದ ತಪ್ಪು. ಇನ್ನೊಂದರಲ್ಲಿ ಲೇಖಕರು ‘ಕೆಲವೊಮ್ಮೆ’ ಎಂದದ್ದು ‘ಯಾವಾಗಲೂ’ ಆಗಿರುತ್ತದೆ. ಇನ್ನೊಂದು ಲೋಕಕ್ಕೆಲ್ಲ ಗೊತ್ತಿರುವ ಸತ್ಯ, ಆದರೆ ಪ್ಯಾಸೇಜಿನಲ್ಲಿ ಇಲ್ಲ. ಈ ಕೊನೆಯದು ನಮ್ಮನ್ನು ಬಹಳ ಸಲ ಕೆಡವಿತು. ‘ಇದು ನಿಜ ತಾನೇ?’ ಎಂದು ನಾವು. ‘ನಿಜ. ಆದ್ರೆ ಇವರು ಹೇಳಿಲ್ಲ’ ಎಂದು ಅವಳು. ನಿಜವಾದ ಮಾತಿಗೆ ಅಂಕ ಕಳೆಯುವ ಪರೀಕ್ಷೆ ಎಂಥದ್ದು ಎಂದು ಒಂದು ರಾತ್ರಿ ದೊಡ್ಡ ಗಲಾಟೆಯೇ ಆಯಿತು. ಪಕ್ಕದ ಮನೆಯವರು ಬೆಳಿಗ್ಗೆ ಏನಾದರೂ ತೊಂದರೆಯೇ ಎಂದು ವಿಚಾರಿಸಿದರು.

ಲೇಖಕರ ಧಾಟಿ ಯಾವುದು ಎಂಬ ಪ್ರಶ್ನೆಗಳಲ್ಲಿ ಮಾತ್ರ ನಮ್ಮ ಕೈ ಮೇಲಿತ್ತು. ಉತ್ತರಗಳಲ್ಲಿ ಬರುವ ಇಂಗ್ಲಿಷ್ ಪದಗಳು ಮಗಳಿಗೆ ಗೊತ್ತು, ಆದರೆ ನಿಘಂಟಿನ ಮೂಲಕ. ‘ಆಂಬಿವಲೆಂಟ್’ ಎಂದರೆ ಎರಡು ಮನಸ್ಸು ಎಂದಳು. ಎರಡು ಮನಸ್ಸು ಅಂದರೆ ಹೇಗೆ? ತಝಬ್‌ಝುಬ್ ಎಂದು ನಾವು ಹೇಳಿದಾಗ ಅವಳಿಗೆ ದಾದಿಮಾ ನೆನಪಾದರು. ಮಗನ ಮನೆಯಲ್ಲಿರಲೋ ಮಗಳ ಮನೆಯಲ್ಲಿರಲೋ ಎಂದು ಬ್ಯಾಗು ತುಂಬಿ ಬಾಗಿಲಲ್ಲಿ ಕೂರುತ್ತಿದ್ದ ದಾದಿಮಾ. ‘ಐರಾನಿಕ್’ ಎಂದರೆ ತಂಝ್. ‘ಸ್ಕೆಪ್ಟಿಕಲ್’ ಎಂದರೆ, ದುಡ್ಡು ನಾಳೆ ಕೊಡುತ್ತೇನೆ ಎಂದವನ ಮುಖವನ್ನು ಅಂಗಡಿಯವನು ನೋಡುವ ರೀತಿ. ಪುಸ್ತಕದ ಅಂಚುಗಳಲ್ಲಿ ಅವಳು ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಳು. ಅವಳಿಗೆ ಉರ್ದು ಲಿಪಿ ಬರುವುದಿಲ್ಲ.

ಈ ಮಾತು ಹೇಳಿದ್ದರಿಂದ ಸೆಪ್ಟೆಂಬರಿನ ಆ ಪ್ಯಾಸೇಜಿಗೆ ಬರಲೇಬೇಕು.

ಸುಮಾರು 500 ಪದ. ಬರೆದವರ ಹೆಸರಿರಲಿಲ್ಲ, ದೇಶದ ಹೆಸರೂ ಇರಲಿಲ್ಲ. ವಾದ ಇಷ್ಟು: ಬಡ ಸಮುದಾಯದ ಮಕ್ಕಳನ್ನು ಅವರದೇ ನುಡಿಯ ಶಾಲೆಗಳಲ್ಲಿ ಉಳಿಸಿದರೆ ನುಡಿ ಉಳಿಯಬಹುದು, ಆದರೆ ಕೆಲಸದ ಬಾಗಿಲು ಆ ಮಕ್ಕಳಿಗೆ ತಡವಾಗಿ ತೆರೆಯುತ್ತದೆ, ಕೆಲವರಿಗೆ ತೆರೆಯುವುದೇ ಇಲ್ಲ. ನುಡಿಯ ಮೇಲಿನ ಪ್ರೀತಿಯನ್ನು ಮಾತಾಡುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು. ನಮ್ಮ ರಾಜ್ಯಕ್ಕೆ ಇದು ಹಳೆಯ ಜಗಳ. ಪ್ರಾಥಮಿಕ ಶಾಲೆಯ ಮೊದಲ ನಾಲ್ಕು ತರಗತಿ ಮಾತೃಭಾಷೆಯಲ್ಲೇ ಇರಬೇಕೆಂದು ಸರಕಾರ 1994ರಲ್ಲಿ ಆದೇಶ ಮಾಡಿತು. ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಇಪ್ಪತ್ತು ವರ್ಷಗಳಲ್ಲಿ ಯಾರ ಮಕ್ಕಳು ಎಲ್ಲಿ ಓದಿದರು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಪ್ರಶ್ನೆ: ಲೇಖಕರು ಕೆಳಗಿನ ಯಾವ ಮಾತನ್ನು ಒಪ್ಪುವ ಸಾಧ್ಯತೆ ಹೆಚ್ಚು? ಇಂಥ ಶಾಲೆಗಳನ್ನು ಮುಚ್ಚಬೇಕು ಎಂಬುದು ಮೊದಲ ಉತ್ತರ. ಅಲ್ಲಿ ಓದಿದ ಮಕ್ಕಳ ತಿಳಿವಳಿಕೆ ಕಡಿಮೆ ಎಂಬುದು ಎರಡನೆಯದು. ನುಡಿಯನ್ನು ಕಾಪಾಡಿ ಎನ್ನುವವರೆಲ್ಲ ಅದರ ಬೆಲೆಯನ್ನು ತಾವೇ ತೆರುತ್ತಾರೆಂದಿಲ್ಲ ಎಂಬುದು ಮೂರನೆಯದು. ನಾಲ್ಕನೆಯದು ನೆನಪಿಲ್ಲ. ನಮ್ಮಲ್ಲಿ ಒಬ್ಬರು ಮೊದಲನೆಯದಕ್ಕೆ ಟಿಕ್ ಹಾಕಿದರು, ಇನ್ನೊಬ್ಬರು ಎರಡನೆಯದಕ್ಕೆ. ಹಾಕುವಾಗ ಪೆನ್ಸಿಲ್ ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಮಗಳು ಮೂರನೆಯದು. ಅದೇ ಸರಿ.

‘ಶಾಲೆ ಮುಚ್ಚಿ ಅಂತ ಎಲ್ಲಿದೆ ತೋರ್ಸಿ. ಮಕ್ಕಳು ದಡ್ಡರು ಅಂತ ಎಲ್ಲಿದೆ ತೋರ್ಸಿ’ ಎಂದಳು. ನಾವು ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದೆವು. ಮತ್ತೆ ಕೆಳಗಿಂದ ಮೇಲಕ್ಕೆ. ಇರಲಿಲ್ಲ.

ಅದು ಇದ್ದದ್ದು ಬೇರೆ ಕಡೆ. ಎಂಟನೆಯ ತರಗತಿಯ ಮೊದಲ ವಾರ, ಕನ್ನಡ ಪಾಠ ಓದಲು ನಿಲ್ಲಿಸಿದಾಗ ನಮ್ಮ ಬಾಯಲ್ಲಿ ‘ಳ’ ‘ಲ’ ಆಯಿತು, ‘ಣ’ ‘ನ’ ಆಯಿತು. ಇಡೀ ತರಗತಿ ನಕ್ಕಿತು. ‘ಏಳು ವರ್ಷ ಅಲ್ಲಿ ಏನು ಕಲ್ತ್ರಿ?’ ಎಂದರು ಮೇಷ್ಟ್ರು. ಕೆಟ್ಟ ಮನುಷ್ಯರೇನಲ್ಲ, ಆಮೇಲೆ ಗ್ರಂಥಾಲಯದ ಪುಸ್ತಕಗಳನ್ನು ಮನೆಗೆ ಕೊಟ್ಟು ಕಳಿಸಿದವರೂ ಅವರೇ. ಆದರೆ ಆ ಪ್ರಶ್ನೆ ಹೋಗಲಿಲ್ಲ. ಶಾಲೆ, ನುಡಿ, ಬಡತನ ಈ ಮೂರು ಪದಗಳು ಒಂದೇ ಪುಟದಲ್ಲಿ ಕಂಡರೆ ಸಾಕು, ಬರೆದವರು ಯಾರೇ ಇರಲಿ, ನಮಗೆ ಕೇಳುವುದು ಆ ಮೇಷ್ಟರ ದನಿ.

ಸರಿ ಉತ್ತರ ಓದಿದ ಮೇಲಂತೂ ಇನ್ನೂ ಕಷ್ಟವಾಯಿತು. ಉರ್ದು ಶಾಲೆಯ ಅಂಗಳ, ಅಲ್ಲಿಯ ಬೇವಿನ ಮರ, ಹಾಜರಿ ಕರೆಯುವ ಆಪಾ, ಇವೆಲ್ಲ ನಮ್ಮ ಮನೆಯಲ್ಲಿ ಬರೆಯಲ್ಪಟ್ಟ ಕಥೆಗಳಲ್ಲಿ ಎಷ್ಟು ಸಲ ಬಂದಿವೆಯೋ. ಅದೇ ಮನೆಯಿಂದ 2009ರಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಿದ್ದು ಇಂಗ್ಲಿಷ್ ಶಾಲೆಗೆ. ಆ ಬೇವಿನ ಮರದ ಮುಂದೆ ಹಾದೇ ಹೋಗಬೇಕಿತ್ತು. ಆಟೋದಲ್ಲಿ.

ಮುಂದಿನ ಪ್ರಶ್ನೆ, ಯಾವ ಸಂಗತಿ ಈ ವಾದವನ್ನು ದುರ್ಬಲಗೊಳಿಸುತ್ತದೆ ಎಂಬುದು. ಅಂಥ ಶಾಲೆಯಲ್ಲಿ ಓದಿದ ಒಬ್ಬರು ಮುಂದೆ ಹೆಸರಾಂತ ಲೇಖಕರಾದರು ಎಂಬ ಉತ್ತರಕ್ಕೆ ನಾವಿಬ್ಬರೂ ಒಮ್ಮತದಿಂದ ಟಿಕ್ ಹಾಕಿದೆವು. ‘ಒಬ್ಬರ ಉದಾಹರಣೆ ಸಾಕಾಗಲ್ಲ’ ಎಂದಳು ಮಗಳು. ಆಮೇಲೆ ನಮ್ಮ ಮುಖ ನೋಡಿ, ‘ಹೆಸರಾಂತ ಅಂತ ಬೇರೆ ಇದೆ’ ಎಂದು ಸೇರಿಸಿದಳು. ನಗು ಬರಲಿಲ್ಲ. ಮರುದಿನ ಪರೀಕ್ಷೆ ನಡೆಯಲಿಲ್ಲ, ಅದರ ಮರುದಿನವೂ.

ಮೂರನೆಯ ರಾತ್ರಿ ಅವಳೇ ಮೊಬೈಲನ್ನು ತಂಬಿಗೆಗೆ ಒರಗಿಸಿದಳು. ನಮ್ಮ ವಾದ ಸಿದ್ಧವಾಗಿತ್ತು. ಓದುವವರು ತಿರುಗಿ ಮಾತಾಡಬಾರದು ಎಂದರೆ ಅದೆಂಥ ಓದು? ಆ ಲೇಖಕರಿಗೆ ನಾವು ಹೇಳಬೇಕಾದದ್ದು ಬಹಳ ಇತ್ತು. ಮನೆಯಲ್ಲಿ ಆಡುವ ನುಡಿಯಲ್ಲಿ ಎರಡನ್ನು ಎರಡರಿಂದ ಗುಣಿಸುವುದು ಎಷ್ಟು ಬೇಗ ಅರ್ಥವಾಗುತ್ತಿತ್ತು ಎಂಬುದನ್ನು ಅವರು ಲೆಕ್ಕಕ್ಕೇ ಹಿಡಿದಿಲ್ಲ. ಕೆಲಸದ ಬಾಗಿಲನ್ನು ಯಾರು ಇಂಗ್ಲಿಷಿನಿಂದ ಮಾಡಿಸಿದರು ಎಂದು ಕೇಳಿಲ್ಲ. ಮಗಳು ಕೇಳಿಸಿಕೊಂಡಳು. ‘ಇದೆಲ್ಲ ಸರಿ. ಬರೀರಿ. ಆದ್ರೆ ಅವರು ಹೇಳಿದ್ದಕ್ಕೆ ಉತ್ತರ ಬರೀರಿ, ಹೇಳದೇ ಇದ್ದದ್ದಕ್ಕೆ ಬರೀಬೇಡಿ’ ಎಂದಳು. ಇಪ್ಪತ್ತು ವರ್ಷದಿಂದ ಬರೆಯುತ್ತಿರುವವರಿಗೆ ಯಾವ ವಿಮರ್ಶಕರೂ ಹೀಗೆ ಹೇಳಿರಲಿಲ್ಲ. ನಾವಿಬ್ಬರೂ ಈಗಲೂ ಆ ಮಾತನ್ನು ಪೂರ್ತಿ ಒಪ್ಪಿಲ್ಲ. ಕೆಲವರು ಹೇಳದೇ ಬಿಟ್ಟದ್ದೇ ಹೇಳಿದ್ದಕ್ಕಿಂತ ದೊಡ್ಡದಾಗಿರುತ್ತದೆ. ಕಥೆ ಬರೆಯುವವರಿಗೆ ಇದು ಗೊತ್ತು. ಆದರೂ ಆವತ್ತಿನಿಂದ ಪ್ಯಾಸೇಜನ್ನು ಎರಡು ಸಲ ಓದುವ ರೂಢಿ ಮಾಡಿಕೊಂಡೆವು. ನಮ್ಮ ಅಂಕಗಳೂ ಸ್ವಲ್ಪ ಏರಿದವು.

2024ರ ನವೆಂಬರ್ 24, ಭಾನುವಾರ. ಪರೀಕ್ಷಾ ಕೇಂದ್ರ ಹುಬ್ಬಳ್ಳಿಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಯ ಪಾಳಿ. ಗೇಟಿನಾಚೆ ಅವಳು ಕಾಣದಾದ ಮೇಲೆ ನಾವು ರಸ್ತೆಯ ಎದುರಿನ ಮಸೀದಿಯಲ್ಲಿ ನಮಾಝ್ ಮುಗಿಸಿಕೊಂಡು, ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಮೊದಲ 40 ನಿಮಿಷ ಗಡಿಯಾರ ನೋಡುತ್ತಲೇ ಇದ್ದೆವು. ಆಮೇಲಿನದು ಲೆಕ್ಕ. ಅದರಲ್ಲಿ ನಮ್ಮ ಪಾಲೇನೂ ಇರಲಿಲ್ಲ.

ಫಲಿತಾಂಶವನ್ನು ಮುಚ್ಚಿಡುವುದೇಕೆ? ಇಂಗ್ಲಿಷ್ ಭಾಗ ಚೆನ್ನಾಗಿತ್ತು, ಲೆಕ್ಕ ಕೈಕೊಟ್ಟಿತು. ಐಐಎಂಗಳಿಂದ ಕರೆ ಬರಲಿಲ್ಲ. ಮುಂದಿನ ವರ್ಷ ಪಿಜಿಸಿಇಟಿ ಬರೆದು ನಮ್ಮ ಕಡೆಯ ಕಾಲೇಜೊಂದರಲ್ಲೇ ಎಂಬಿಎಗೆ ಸೇರಿದಳು. ಎರಡು ದಿನ ಅತ್ತಳು, ಮೂರನೆಯ ದಿನ ಪುಸ್ತಕಗಳನ್ನು ಬೇರೆ ಹುಡುಗಿಗೆ ಕೊಟ್ಟಳು. ಅಂಚಿನಲ್ಲಿ ತಝಬ್‌ಝುಬ್ ಎಂದು ಬರೆದಿರುವ ಆ ಪುಟ ಈಗ ಯಾರ ಮನೆಯಲ್ಲಿದೆಯೋ.

ಆದರೆ ಆ ಭಾನುವಾರ ಇದೆಲ್ಲ ಗೊತ್ತಿರಲಿಲ್ಲ. ಸಂಜೆಯ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಹಾವೇರಿ ದಾಟಿದ ಮೇಲೆ ಅವಳು ತನ್ನ ಬ್ಯಾಗಿನಿಂದ ಒಂದು ಹಳೆಯ ಮಾಸಪತ್ರಿಕೆ ತೆಗೆದಳು. ಅದರಲ್ಲಿ ನಮ್ಮ ಮನೆಯ ಕಥೆಯೊಂದಿತ್ತು. ಮನೆ ಬಿಟ್ಟು ಹೋದ ಮಗ ರಾತ್ರಿ ಬಂದು ಬಾಗಿಲು ಬಡಿಯುತ್ತಾನೆ, ಮುದುಕಿ ಎಚ್ಚರವಿದ್ದರೂ ತೆರೆಯುವುದಿಲ್ಲ. ಮಗಳು ಕನ್ನಡವನ್ನು ನಿಧಾನವಾಗಿ ಓದುತ್ತಾಳೆ. ಎರಡು ವಾರದಿಂದ, ನಮಗೆ ಹೇಳದೆ, ಅದನ್ನು ಓದಿದ್ದಳು. ಕೊನೆಯ ಪುಟದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದಿದ್ದಳು. ಮುದುಕಿಯ ಬಗ್ಗೆ ಲೇಖಕರ ನಿಲುವು: ಅ) ಕರುಣೆ, ಆ) ಸಿಟ್ಟು, ಇ) ತಂಝ್, ಈ) ಮೇಲಿನ ಯಾವುದೂ ಅಲ್ಲ.

ನಮ್ಮಲ್ಲಿ ಬರೆದವರು ತಟ್ಟನೆ ‘ಕರುಣೆ’ ಎಂದರು.

‘ಯಾವ ಸಾಲಲ್ಲಿದೆ?’

‘ಬರೆದದ್ದೇ ನಾವಲ್ಲವೇ?’

‘ಬರೆದವರನ್ನ ಕೇಳ್ತಿಲ್ಲ. ಇಲ್ಲಿ ಎಲ್ಲಿದೆ ತೋರ್ಸಿ.’

ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ಬಗ್ಗಿದೆವು. ಹೊರಗೆ ಕತ್ತಲಾಗುತ್ತಿತ್ತು. ರಾಣೆಬೆನ್ನೂರು ಹೋಯಿತು. ರೈಲು ತುಂಗಭದ್ರೆಯ ಸೇತುವೆಯ ಮೇಲೆ ಸದ್ದು ಮಾಡುತ್ತಾ ಹರಿಹರಕ್ಕೆ ಬರುವವರೆಗೂ ಹುಡುಕುತ್ತಲೇ ಇದ್ದೆವು.