ಮೂರನೆಯವನ ಪಾಡು

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದವರು ಕಾಲ್ಚೆಂಡಿನ ಪಂದ್ಯವನ್ನು ನೋಡಿರಲಾರರು. ಅಲ್ಲಿ ಗೆದ್ದವರಿಗೆ ಹಾರ, ಸೋತವರಿಗೆ ಮರುಕ; ಸೀಟಿ ಹಿಡಿದು ನಡುವೆ ಓಡಾಡುವ ಮೂರನೆಯವನಿಗೆ ಎರಡು ಕಡೆಯಿಂದಲೂ ಬೈಗುಳ. ಅವನನ್ನು ನೋಡಲೆಂದು ಯಾರೂ ಟಿಕೆಟ್ ಕೊಂಡಿರುವುದಿಲ್ಲ. ಅವನ ಓಟವನ್ನು ಮೆಚ್ಚಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಎಲ್ಲರ ನಾಲಗೆಯ ಮೇಲೂ ಅವನೇ.

ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ನಮ್ಮ ಬೀದಿಯೂ ನಿದ್ದೆಗೆಡುತ್ತದೆ. ಪಕ್ಕದ ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು, ಬ್ರೆಜಿಲ್ ತಂಡದ ಕಟ್ಟಾ ಅಭಿಮಾನಿ. ಬ್ರೆಜಿಲ್ ಗೆದ್ದರೆ ಅದು ಆಟದ ಚೆಲುವು. ಸೋತರೆ ರೆಫರಿಯ ಕೈವಾಡ. ಒಮ್ಮೆ ಅವರ ಗೊಣಗಾಟವನ್ನು ತಡೆಯಲಾರದೆ, "ರಾಯರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕವನ್ನು ತೆಗೆದು ಒರೆಸುತ್ತ, "ಅಲ್ಲ ಮೇಷ್ಟ್ರೇ, ಒಂದು ವೇಳೆ ನೆಲವೇ ಡೊಂಕಾಗಿದ್ದರೆ? ಅದನ್ನು ಹಾಸಿದವರು ಯಾರು ಅಂತ ಕೇಳಬೇಡವೆ?" ಎಂದರು.

ಉಡಾಫೆಯ ಮಾತೆಂದು ತಳ್ಳಿಹಾಕುವಂಥ ಪ್ರಶ್ನೆಯಲ್ಲ ಅದು. ನಾವು ರೆಫರಿಯನ್ನು ಬೈಯುತ್ತೇವೆ. ಅವನನ್ನು ಆರಿಸಿ ಕಳಿಸಿದವರ ಸುದ್ದಿಗೆ ಹೋಗುವುದಿಲ್ಲ.

ಮೊದಮೊದಲು ಈ ಆಟದ ಅಂಗಳದೊಳಗೆ ಮೂರನೆಯವನು ಇರಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದೊಂದು ತಂಡವೂ ತನ್ನ ಕಡೆಯ ಒಬ್ಬ ಅಂಪೈರನನ್ನು ಕರೆತರುತ್ತಿತ್ತು. ಅವರಿಬ್ಬರಿಗೂ ಒಮ್ಮತ ಬಾರದಿದ್ದಾಗ, ಗೆರೆಯಾಚೆ ನಿಂತ ಒಬ್ಬ ದೊಡ್ಡ ಮನುಷ್ಯನ ಬಳಿಗೆ ವ್ಯಾಜ್ಯವನ್ನು ಒಯ್ಯುತ್ತಿದ್ದರು. ಹಾಗೆ ಒಯ್ದು ಒಪ್ಪಿಸಿದ್ದನ್ನು ತೀರ್ಮಾನಿಸುವವನೇ ರೆಫರಿ. ಆ ಇಂಗ್ಲಿಷ್ ಶಬ್ದದ ಅರ್ಥವೇ ಅದು. ೧೮೯೧ರಲ್ಲಿ ಅವನನ್ನು ಗೆರೆಯ ಒಳಕ್ಕೆ ಕರೆತಂದರು. ಅಂಪೈರರಿಬ್ಬರೂ ಗೆರೆಯ ಬದಿಗೆ ಸರಿದರು. ಕೇಳಿದಾಗ ಮಾತ್ರ ಹೇಳುತ್ತಿದ್ದವನು ಅಂದಿನಿಂದ ಕೇಳದೆಯೂ ಹೇಳುವವನಾದ. ಅವನ ಕಷ್ಟವೂ ಅಂದೇ ಮೊದಲಾಯಿತೆನ್ನಬೇಕು.

೧೯೦೪ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಫಿಫಾ, ೧೯೩೦ರಲ್ಲಿ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಮೊದಲ ವಿಶ್ವಕಪ್ ನಡೆಸಿತು. ಯೂರೋಪಿನಿಂದ ಅಲ್ಲಿಗೆ ಹಡಗಿನ ದಾರಿ, ರೆಫರಿಗಳಿಗೂ ಬರ. ಹೀಗಾಗಿ ಬೊಲಿವಿಯ ತಂಡದ ತರಬೇತುದಾರ ಉಲೀಸೆಸ್ ಸೌಸೆದೊ ಅವರೇ ಅರ್ಜೆಂಟೀನ ಮತ್ತು ಮೆಕ್ಸಿಕೊ ತಂಡಗಳ ಪಂದ್ಯಕ್ಕೆ ರೆಫರಿಯಾದರು. ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಕೂರಿಸಿದ ಮೇಷ್ಟರನ್ನೇ ಪಕ್ಕದ ಕೊಠಡಿಯ ಪತ್ರಿಕೆಗಳನ್ನು ತಿದ್ದಲು ಕೂರಿಸಿದಂತಾಯಿತು. ಅದೇ ಕೂಟದಲ್ಲಿ ಅರ್ಜೆಂಟೀನ ಫ್ರಾನ್ಸಿನ ಮೇಲೆ ಒಂದು ಗೋಲಿನಿಂದ ಮುಂದಿದ್ದಾಗ, ಫ್ರಾನ್ಸಿನವರು ಗೋಲಿನತ್ತ ನುಗ್ಗುತ್ತಿದ್ದ ಗಳಿಗೆಯಲ್ಲೇ, ಬ್ರೆಜಿಲಿನ ಅಲ್ಮೇಡಾ ರೇಗೊ ಆಟ ಮುಗಿಯಿತೆಂದು ಸೀಟಿ ಊದಿದರು. ಇನ್ನೂ ಆರು ನಿಮಿಷ ಬಾಕಿಯಿತ್ತು! ಗದ್ದಲವೆದ್ದು, ಆಟಗಾರರನ್ನು ಮತ್ತೆ ಕರೆಸಿ ಆರು ನಿಮಿಷವನ್ನು ಆಡಿಸಿದರು. ಆದರೆ ಮುರಿದ ಆವೇಶವನ್ನು ಬೆಸೆಯುವುದು ಯಾರಿಂದಾದೀತು? ಆ ಒಂದು ಗೋಲೇ ಉಳಿಯಿತು.

ಉರುಗ್ವೆ ಮತ್ತು ಅರ್ಜೆಂಟೀನ ಎದುರಾದ ಅಂತಿಮ ಪಂದ್ಯಕ್ಕೆ ಬಂದವರು ಬೆಲ್ಜಿಯಮಿನ ಜಾನ್ ಲಾಂಗೆನಸ್. ತಮ್ಮ ಜೀವಕ್ಕೆ ಭದ್ರತೆಯ ಭರವಸೆ ದೊರೆತ ಮೇಲೆಯೇ ಅವರು ಒಪ್ಪಿದ್ದು. ಯಾರ ಚೆಂಡಿನಲ್ಲಿ ಆಡುವುದೆಂಬುದಕ್ಕೂ ಜಗಳ. ಅರ್ಧ ಆಟ ಅರ್ಜೆಂಟೀನದವರ ಚೆಂಡು, ಇನ್ನರ್ಧ ಉರುಗ್ವೆಯವರ ಚೆಂಡು ಎಂದು ತೀರ್ಮಾನವಾಯಿತು. ಅರ್ಧ ವಿರಾಮಕ್ಕೆ ಅರ್ಜೆಂಟೀನ ೨-೧ರಿಂದ ಮುಂದೆ. ಚೆಂಡು ಬದಲಾಯಿತು, ಉರುಗ್ವೆ ೪-೨ರಿಂದ ಗೆದ್ದಿತು. ಯಾರ ಕಡೆಗೂ ಸೇರದವನೊಬ್ಬ ನಡುವೆ ಇರಬೇಕೆಂಬ ಪಾಠವನ್ನು ಫಿಫಾ ಅಂದೇ ಕಲಿತಿರಬೇಕು.

ಆದರೆ ಈ "ಯಾರ ಕಡೆಗೂ ಸೇರದವನು" ಎಂಬ ಮಾತಿನಲ್ಲಿ ಒಂದು ತೊಡಕಿದೆ. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಿಗೆ ನನ್ನನ್ನು ಆಗಾಗ ತೀರ್ಪುಗಾರನಾಗಿ ಕರೆಯುವುದುಂಟು. ಕರೆಯುವವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: "ನಿಮ್ಮ ಕಾಲೇಜು ಈ ಸಲ ಭಾಗವಹಿಸುತ್ತಿಲ್ಲ ಸಾರ್, ತಾವೇ ಬರಬೇಕು." ನನಗೆ ವಾದದ ಬಲ ತಿಳಿಯುತ್ತದೆಯೇ, ಮಾತಿನ ಸೊಗಸು ತಿಳಿಯುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ. ಸಂಬಂಧವಿಲ್ಲದಿರುವುದೇ ನನ್ನ ಯೋಗ್ಯತೆ. ಪಕ್ಷಪಾತವಿಲ್ಲದಿರುವುದು ತೀರ್ಪುಗಾರನಿಗೆ ಇರಲೇಬೇಕಾದ ಗುಣ, ನಿಜ. ಹಾಗೆಂದು ಅದೊಂದೇ ಸಾಕಾಗುವುದಾದರೆ ಸಭಾಂಗಣದ ಬಾಗಿಲು ಕಾಯುವವನನ್ನೂ ಕೂರಿಸಬಹುದಲ್ಲ!

ಆರಿಸುವವರ ಮೇಲೆಯೇ ನಂಬಿಕೆ ಹೋದರಂತೂ ಎಂಥ ರೆಫರಿ ಬಂದರೂ ಪ್ರಯೋಜನವಿಲ್ಲ. ೧೯೬೬ರ ಜುಲೈ ೨೩ರಂದು ಇಂಗ್ಲೆಂಡಿನಲ್ಲಿ ಎರಡು ಕ್ವಾರ್ಟರ್ ಫೈನಲ್ ಪಂದ್ಯಗಳು ನಡೆದವು. ಇಂಗ್ಲೆಂಡ್ ಮತ್ತು ಅರ್ಜೆಂಟೀನದ ಆಟಕ್ಕೆ ಪಶ್ಚಿಮ ಜರ್ಮನಿಯ ರೆಫರಿ. ಪಶ್ಚಿಮ ಜರ್ಮನಿ ಮತ್ತು ಉರುಗ್ವೆಯ ಆಟಕ್ಕೆ ಇಂಗ್ಲೆಂಡಿನ ರೆಫರಿ. ಒಂದರಲ್ಲಿ ಅರ್ಜೆಂಟೀನದ ನಾಯಕ ರಾಟೀನ್ ಹೊರಹಾಕಿಸಿಕೊಂಡ. ಇನ್ನೊಂದರಲ್ಲಿ ಉರುಗ್ವೆಯ ಇಬ್ಬರು. ಇಂಗ್ಲೆಂಡ್, ಜರ್ಮನಿ ಎರಡೂ ಗೆದ್ದವು. ರೆಫರಿಗಳು ಮನಸಾರೆ ನ್ಯಾಯವನ್ನೇ ಮಾಡಿದ್ದರೂ ದಕ್ಷಿಣ ಅಮೆರಿಕದವರು ನಂಬುವುದು ಹೇಗೆ? ರಾಟೀನನ ಪ್ರಸಂಗವಂತೂ ವಿಚಿತ್ರ. ರೆಫರಿ ಕ್ರೈಟ್ಲೈನ್ ಅವರಿಗೆ ಸ್ಪ್ಯಾನಿಷ್ ಬಾರದು, ರಾಟೀನನಿಗೆ ಜರ್ಮನ್ ಬಾರದು. ದುಭಾಷಿಯನ್ನು ಕರೆಸಿ ಎಂದು ಅವನು ಕೈಸನ್ನೆ ಮಾಡುತ್ತ ಮೈದಾನ ಬಿಡದೆ ನಿಂತ. ಆ ಕೂಟದ ರೆಫರಿಗಳ ಉಸ್ತುವಾರಿಯಲ್ಲಿದ್ದ ಕೆನ್ ಆಸ್ಟನ್ ಕಾರಿನಲ್ಲಿ ಮನೆಗೆ ಹೋಗುವಾಗ ರಸ್ತೆಯ ದೀಪಗಳನ್ನು ಕಂಡರು: ಹಳದಿಯೆಂದರೆ ಎಚ್ಚರ, ಕೆಂಪೆಂದರೆ ನಿಲ್ಲು. ೧೯೭೦ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬಳಕೆಗೆ ಬಂದ ಹಳದಿ, ಕೆಂಪು ಕಾರ್ಡುಗಳು ಹುಟ್ಟಿದ್ದು ಹೀಗೆ. ಆಸ್ಟನ್ ವೃತ್ತಿಯಿಂದ ಉಪಾಧ್ಯಾಯರು. ಎಲ್ಲ ಮಕ್ಕಳಿಗೂ ತಿಳಿಯುವ ಹಾಗೆ ಹೇಳುವುದು ಹೇಗೆಂದು ಅವರಿಗೆ ಗೊತ್ತಿತ್ತು. ವೃತ್ತಿಬಾಂಧವನೆಂದು ನಾನೂ ಒಂದಿಷ್ಟು ಹೆಮ್ಮೆಪಡುತ್ತೇನೆ.

ಇನ್ನೊಂದು ಬಗೆಯ ಅನ್ಯಾಯವೂ ಉಂಟು. ಚೆನ್ನಾಗಿ ಕೆಲಸ ಮಾಡಿದವನನ್ನು ಅದಕ್ಕಾಗಿಯೇ ದೂರವಿಡುವುದು. ೧೯೭೮ರಲ್ಲಿ ಆತಿಥೇಯ ಅರ್ಜೆಂಟೀನ ಇಟಲಿಯ ಎದುರು ಒಂದು ಗೋಲಿನಿಂದ ಸೋತಿತು. ಅಂದಿನ ರೆಫರಿ ಇಸ್ರೇಲಿನ ಅಬ್ರಹಾಂ ಕ್ಲೈನ್, ತವರಿನ ಜನಸ್ತೋಮದ ಅಬ್ಬರಕ್ಕೆ ಮಣಿಯಲಿಲ್ಲ. ಅಂತಿಮ ಪಂದ್ಯ ಅವರದೇ ಎಂದು ಹಲವರು ಎಣಿಸಿದ್ದರು. ಅರ್ಜೆಂಟೀನದಿಂದ ಆಕ್ಷೇಪಣೆ ಬಂತು. ಸೀಟಿ ಇಟಲಿಯ ಸೆರ್ಜಿಯೊ ಗೊನೆಲ್ಲಾ ಅವರ ಕೈಗೆ ಹೋಯಿತು. ಧೈರ್ಯಕ್ಕೆ ಇದು ಬಹುಮಾನವಾದರೆ ಮುಂದೆ ಬರುವ ರೆಫರಿ ಯಾವ ಪಾಠ ಕಲಿತಾನು?

ಈಗ ರಾಯರಂಥವರು ಹೇಳುವ ಮತ್ತೊಂದು ಮಾತಿಗೆ ಬರೋಣ: "ಸಣ್ಣಪುಟ್ಟ ದೇಶದವರನ್ನೆಲ್ಲ ಕರೆತಂದು ಆಟ ಕೆಡಿಸುತ್ತಾರೆ." ಇದಕ್ಕೆ ಅವರು ಕೊಡುವ ಸಾಕ್ಷ್ಯ ೨೦೦೨ರದು. ದಕ್ಷಿಣ ಕೊರಿಯಾ ಎದುರಿನ ಪಂದ್ಯದಲ್ಲಿ ಈಕ್ವೆಡಾರಿನ ಬೈರನ್ ಮೊರೆನೊ ಇಟಲಿಯ ಟೊಟ್ಟಿಯನ್ನು ಹೊರಹಾಕಿದರು. ನಾಲ್ಕು ದಿನದ ಮೇಲೆ ಅದೇ ಕೊರಿಯಾ ಎದುರು ಸ್ಪೇನ್ ಹೊಡೆದ ಎರಡು ಗೋಲುಗಳು ಲೆಕ್ಕಕ್ಕೆ ಬರಲಿಲ್ಲ. ಆ ದಿನದ ರೆಫರಿ ಈಜಿಪ್ಟಿನವರು. ಗೆರೆ ಕಾಯುವ ಇಬ್ಬರಲ್ಲಿ ಒಬ್ಬರು ಯುಗಾಂಡದವರು, ಇನ್ನೊಬ್ಬರು ಟ್ರಿನಿಡಾಡಿನವರು. ಮೂವರೂ ಮೂರು ದಿಕ್ಕು. ಸರಿಯೇ, ಆದರೆ ಅದೇ ಕೂಟದಲ್ಲಿ ನಮ್ಮ ನೆರೆಯ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಅವರೂ ಸಹಾಯಕ ರೆಫರಿಯಾಗಿದ್ದರು. ಭಾರತದ ತಂಡ ಇನ್ನೂ ವಿಶ್ವಕಪ್‌ನ ಅಂಗಳದಲ್ಲಿ ಆಡಿಲ್ಲ. ಭಾರತದವರೊಬ್ಬರ ಬಾವುಟ ಅಲ್ಲಿ ಹಾರಿತ್ತು. ಸಣ್ಣ ದೇಶದವರು ಬೇಡವೆಂದರೆ ಆ ಬಾವುಟವೂ ಬೇಡವೆಂದಾಗುತ್ತದೆ.

ಅಲ್ಲದೆ ದೊಡ್ಡ ದೇಶದವರು ತಪ್ಪಿಲ್ಲವೆ? ೨೦೦೬ರಲ್ಲಿ ಇಂಗ್ಲೆಂಡಿನ ಗ್ರಹಾಂ ಪೋಲ್ ಕ್ರೊಯೇಷಿಯದ ಶಿಮುನಿಚ್‌ಗೆ ಮೂರು ಸಲ ಹಳದಿ ಕಾರ್ಡು ತೋರಿಸಿದರು. ಎರಡಕ್ಕೇ ಹೊರಕ್ಕೆ ಹೋಗಬೇಕಿತ್ತು. ೨೦೧೦ರ ಜೂನ್ ೨೭ರಂದು ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದನ್ನು ಉರುಗ್ವೆಯ ರೆಫರಿಯ ತಂಡ ಕಾಣಲಿಲ್ಲ. ಅದೇ ದಿನ ಇಟಲಿಯ ರೊಸೆಟ್ಟಿ ಮೆಕ್ಸಿಕೊ ವಿರುದ್ಧ ಆಫ್‌ಸೈಡಿನಿಂದ ಬಂದ ಗೋಲನ್ನು ಅರ್ಜೆಂಟೀನಕ್ಕೆ ಕೊಟ್ಟರು. ಕ್ರೀಡಾಂಗಣದ ದೊಡ್ಡ ತೆರೆಯ ಮೇಲೆ ಆ ತಪ್ಪನ್ನು ಎಲ್ಲರೂ ನೋಡಿದರು. ತಪ್ಪಿಗೆ ದೇಶವಿಲ್ಲ, ಬಣ್ಣವಿಲ್ಲ. ಅಭ್ಯಾಸಕ್ಕೆ ಮಾತ್ರ ದೇಶವುಂಟು. ವಾರವಾರವೂ ಐವತ್ತು ಸಾವಿರ ಜನರ ಗದ್ದಲದ ನಡುವೆ ಸೀಟಿ ಊದಿ ಪಳಗಿದವನಿಗೂ, ನಾಲ್ಕು ವರ್ಷಕ್ಕೊಮ್ಮೆ ಅಂಥ ಗದ್ದಲವನ್ನು ಕೇಳುವವನಿಗೂ ಅಂತರವಿರಲೇಬೇಕು. ಅದಕ್ಕೆ ಮದ್ದು ಅವನಿಗೂ ಮೊದಲೇ ಅಂಥ ಪಂದ್ಯಗಳನ್ನು ಕೊಟ್ಟು ಪಳಗಿಸುವುದು. ೨೦೦೬ರಿಂದ ರೆಫರಿಯನ್ನೂ ಇಬ್ಬರು ಸಹಾಯಕರನ್ನೂ ಒಂದೇ ದೇಶದಿಂದ ಅಥವಾ ಒಂದೇ ಪ್ರಾಂತದಿಂದ ಒಟ್ಟಾಗಿ ಆರಿಸತೊಡಗಿದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ಆ ಹೆಜ್ಜೆಯನ್ನು ಮೊದಲೇ ಇಟ್ಟಿದ್ದರೆ ಎಂದು ೧೯೮೬ನ್ನು ನೆನೆದಾಗ ಅನ್ನಿಸುತ್ತದೆ. ಮರಡೋನಾ ಕೈಯಿಂದ ಗೋಲು ಹೊಡೆದಾಗ ರೆಫರಿ ಟ್ಯುನೀಸಿಯದ ಅಲಿ ಬೆನ್ನಾಸರ್. ಗೆರೆಯಲ್ಲಿದ್ದವರು ಬಲ್ಗೇರಿಯದ ಬೊಗ್ದಾನ್ ದೊಚೆವ್. ತಾನು ದೊಚೆವ್ ಕಡೆ ನೋಡಿದೆ, ಆತ ತಪ್ಪೆಂದು ಸೂಚಿಸಲಿಲ್ಲ, ಆದ್ದರಿಂದ ಗೋಲು ಕೊಟ್ಟೆ ಎಂದು ಬೆನ್ನಾಸರ್ ಹೇಳಿದರು. ದೊಚೆವ್ ಆ ಗಳಿಗೆಯ ಕಹಿಯನ್ನು ಬಹುಕಾಲ ಹೊತ್ತು ಬಾಳಿದರು. ಆದರೆ ನಾಲ್ಕೇ ನಿಮಿಷದ ಮೇಲೆ ಮರಡೋನಾ ಇಂಗ್ಲೆಂಡಿನ ಅರ್ಧ ತಂಡವನ್ನು ದಾಟಿ ಎರಡನೆಯ ಗೋಲಿಗೆ ಓಡಿದಾಗ, ಸೀಟಿ ಊದದೆ ಆಟವನ್ನು ಹರಿಯಬಿಟ್ಟವರೂ ಅದೇ ಬೆನ್ನಾಸರ್. ಅದನ್ನು ಯಾರೂ ಅವರ ಖಾತೆಗೆ ಜಮಾ ಮಾಡಲಿಲ್ಲ.

ಈಗ ಯಂತ್ರ ಬಂದಿದೆ. ೨೦೧೪ರಲ್ಲಿ ಚೆಂಡು ಗೆರೆ ದಾಟಿತೇ ಎಂದು ಹೇಳುವ ಯಂತ್ರ. ೨೦೧೮ರಲ್ಲಿ ದೃಶ್ಯವನ್ನು ಮತ್ತೆ ನೋಡಿ ಸಲಹೆ ಕೊಡುವ ವೀಡಿಯೊ ರೆಫರಿಗಳು. ಆದರೂ ೨೦೧೮ರ ಅಂತಿಮ ಪಂದ್ಯದಲ್ಲಿ ಕ್ರೊಯೇಷಿಯದ ಪೆರಿಶಿಚ್ ಕೈಗೆ ಚೆಂಡು ತಗುಲಿದ್ದನ್ನು ಯಂತ್ರ ತೋರಿಸಿತೇ ಹೊರತು, ಅದು ತಪ್ಪೇ ಅಲ್ಲವೇ ಎಂಬುದನ್ನು ಅರ್ಜೆಂಟೀನದ ಪಿತಾನಾ ಎಂಬ ಮನುಷ್ಯನೇ ತೀರ್ಮಾನಿಸಬೇಕಾಯಿತು. ಅದರ ಚರ್ಚೆ ಇನ್ನೂ ಮುಗಿದಿಲ್ಲ. ಯಂತ್ರದ ಮುಂದೆ ಕೂರುವವನನ್ನೂ ಯಾರೋ ಆರಿಸಲೇಬೇಕಲ್ಲ! ಹಾಗೆ ಆರಿಸುವ ಕಣ್ಣು ಅಗಲವಾಗುತ್ತಿದೆಯೆಂಬುದೊಂದು ಸಮಾಧಾನ. ೨೦೨೨ರ ಡಿಸೆಂಬರ್ ೧ರಂದು ಜರ್ಮನಿ ಮತ್ತು ಕೋಸ್ಟರಿಕಾ ಪಂದ್ಯವನ್ನು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ನಡೆಸಿದರು. ಪುರುಷರ ವಿಶ್ವಕಪ್ ಪಂದ್ಯವೊಂದಕ್ಕೆ ಹೆಂಗಸು ರೆಫರಿಯಾದದ್ದು ಅದೇ ಮೊದಲು. ಗೆರೆಯಲ್ಲಿದ್ದ ಇಬ್ಬರೂ ಹೆಂಗಸರೇ.

ಒಬ್ಬನನ್ನು ಏಕೆ ಆರಿಸಿದೆವು, ಇನ್ನೊಬ್ಬನನ್ನು ಏಕೆ ಬಿಟ್ಟೆವು ಎಂದು ಆರಿಸಿದವರು ಬಾಯಿಬಿಟ್ಟು ಹೇಳಿದ ದಿನ, ಸೀಟಿ ಹಿಡಿದವನ ಬೆನ್ನ ಮೇಲಿನ ಹೊರೆ ಅರ್ಧ ಇಳಿದೀತು. ಉಳಿದರ್ಧ ಇಳಿಯುವಂಥದ್ದಲ್ಲ, ಅದು ಆ ಕೆಲಸದ ಕೂಲಿ. ೧೯೭೦ರ ಅಂತಿಮ ಪಂದ್ಯ ಎಂದ ಕೂಡಲೆ ಪೆಲೆ ನೆನಪಾಗುತ್ತಾರೆ, ಕಾರ್ಲೋಸ್ ಆಲ್ಬರ್ಟೊ ಹೊಡೆದ ನಾಲ್ಕನೆಯ ಗೋಲು ನೆನಪಾಗುತ್ತದೆ. ಆ ದಿನ ನಡುವೆ ಓಡಾಡಿದವರು ಪೂರ್ವ ಜರ್ಮನಿಯ ರೂಡಿ ಗ್ಲೋಕ್ನರ್. ಆ ಹೆಸರು ಯಾರ ಬಾಯಲ್ಲೂ ಇಲ್ಲ. ಮೂರನೆಯವನಿಗೆ ದಕ್ಕುವ ಲಾಭ ಅಷ್ಟೇ ಎಂದು ಕಾಣುತ್ತದೆ; ಕೆಲಸ ಚೆನ್ನಾಗಿ ಆದಾಗ ಅವನನ್ನು ಮರೆಯುತ್ತೇವೆ.