ಯಾರಿಗಾಗಿ ಪ್ರಾರ್ಥಿಸಬಹುದು?

ಮುಂಬಯಿಯಲ್ಲಿ ಕ್ರೈಸ್ತ ಕನ್ನಡಿಗ ಎಂದ ಕೂಡಲೇ ಬರುವ ಪ್ರಶ್ನೆ: ‘ಮಂಗಳೂರಿನವರಾ? ಮನೆಯಲ್ಲಿ ಕೊಂಕಣಿಯಾ?’ ನಾವು ಗದಗ-ಬೆಟಗೇರಿ ಕಡೆಯವರು. ಬಾಸೆಲ್ ಮಿಶನ್ ಕಾಲದಿಂದ ಪ್ರಾಟೆಸ್ಟೆಂಟರು, ಮನೆಮಾತು ಕನ್ನಡವೇ. ಅಪ್ಪ ರೈಲ್ವೆ ನೌಕರಿಗೆಂದು ಕಲ್ಯಾಣಕ್ಕೆ ಬಂದರು, ನಾನು ಬೆಳೆದದ್ದು ಡೊಂಬಿವಲಿಯಲ್ಲಿ.

ಅಲ್ಲಿ ಬಾಡಿಗೆ ಹಾಲಿನಲ್ಲಿ ಸೇರುತ್ತಿದ್ದ ಒಂದು ಇವ್ಯಾಂಜೆಲಿಕಲ್ ಸಭೆ ನಮ್ಮನ್ನು ಅಕ್ಕರೆಯಿಂದ ಸೇರಿಸಿಕೊಂಡಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸರದಿಯಂತೆ ರಾತ್ರಿ ಜೊತೆಗಿದ್ದವರು, ಅವ್ವನಿಗೆ ಊಟದ ಡಬ್ಬಿ ಕಳಿಸಿದವರು ಅವರೇ. ಅದನ್ನು ಬಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ.

ಆದರೆ ಆ ಅಕ್ಕರೆಗೊಂದು ಬೇಲಿಯಿತ್ತು. ಪಕ್ಕದ ಮನೆಯ ಗಣಪತಿ ಪ್ರಸಾದ ಮುಟ್ಟಬಾರದು. ಕ್ಯಾಥೊಲಿಕರು ರಕ್ಷಣೆ ಹೊಂದದವರು. ಹೆಂಗಸರು ಹಾಡಬಹುದು, ಬೋಧಿಸಬಾರದು. ಗಿಟಾರ್ ನುಡಿಸುತ್ತಿದ್ದ ಹುಡುಗನೊಬ್ಬ ತಾನು ಗೇ ಎಂದು ಹೇಳಿಕೊಂಡ. ಮುಂದಿನ ಭಾನುವಾರ ವೇದಿಕೆಯ ಮೇಲೆ ಅವನ ಕುರ್ಚಿ ಇರಲಿಲ್ಲ. ಕ್ರಿಸ್ತನಲ್ಲಿ ಜಾತಿಯಿಲ್ಲ ಎನ್ನುತ್ತಿದ್ದವರು ಮಕ್ಕಳ ಮದುವೆಯ ಮಾತು ಬಂದಾಗ ಅಜ್ಜನ ಜಾತಿ ವಿಚಾರಿಸುತ್ತಿದ್ದರು.

ಡೊಂಬಿವಲಿಯಿಂದ ತಳೋಜಾ ದೂರವಲ್ಲ, ಶಿಳಫಾಟಾ ದಾಟಿ ಪನವೇಲ್ ಕಡೆ ಹೋದರೆ ಸಿಗುತ್ತದೆ. ಅಲ್ಲಿಯ ಜೈಲಿಗೆ 2020ರ ಅಕ್ಟೋಬರಿನಲ್ಲಿ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು ತಂದರು. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ, ವಯಸ್ಸು 83, ಪಾರ್ಕಿನ್ಸನ್ಸ್‌ನಿಂದ ನಡುಗುವ ಕೈ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ ಎಂದು ಅವರು ನ್ಯಾಯಾಲಯವನ್ನು ಕೇಳಬೇಕಾಯಿತು. ಈ ಜೆಸ್ವಿಟ್ ಪಾದ್ರಿ ನಮಗೆ ತೀರ ಹೊರಗಿನವರೂ ಅಲ್ಲ; 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆಮೇಲೆ ಜಾರ್ಖಂಡಿನಲ್ಲಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೆ ಹೋದರು. ಕೊನೆಗೆ ತಾವೂ ವಿಚಾರಣಾಧೀನ ಕೈದಿಯಾಗಿಯೇ 2021ರ ಜುಲೈ 5ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ವಾರ ನಮ್ಮ ಸಭೆಯ ಆನ್‌ಲೈನ್ ಪ್ರಾರ್ಥನೆಯಲ್ಲಿ ಅವರ ಹೆಸರನ್ನೂ ಸೇರಿಸಿ ಎಂದೆ. ‘ಬ್ರದರ್, ಅದು ರಾಜಕೀಯ. ಮೇಲಾಗಿ ಅವರು ಕ್ಯಾಥೊಲಿಕ್’ ಎಂದರು ಪಾಸ್ಟರ್. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ನನಗೆ ಬಾಯಿಪಾಠ ಮಾಡಿಸಿದ್ದೇ ಆ ಸಭೆ. ಹಸಿದವರಿಗೆ ಉಣಿಸಿದೆಯಾ, ಸೆರೆಯಲ್ಲಿದ್ದವರನ್ನು ನೋಡಲು ಹೋದೆಯಾ ಎಂದು ಕೊನೆಯ ದಿನ ಕೇಳುವ ಅಧ್ಯಾಯ ಅದು. ಕೈದಿ ಯಾವ ಪಂಗಡದವನು ಎಂಬ ಪ್ರಶ್ನೆ ಅಲ್ಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ನಾನು ಆ ಸಭೆ ಬಿಟ್ಟೆ.

ಬಿಟ್ಟ ಮೇಲೆ ಭಾನುವಾರಗಳು ಖಾಲಿಯಾದವು. ವಾಟ್ಸಾಪ್ ಗುಂಪಿನ ಜೊತೆ ಇಪ್ಪತ್ತು ವರ್ಷದ ಗೆಳೆಯರೂ ಹೋದರು. ಐರೋಲಿಯ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ಓದತೊಡಗಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಬೆಳೆಯಿತೆಂದು ತಿಳಿದದ್ದು ಆಗಲೇ. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿಗಳ ವ್ಯಾಪ್ತಿಗೆ 1956ರಲ್ಲಿ ಸಿಖ್ ದಲಿತರು, 1990ರಲ್ಲಿ ಬೌದ್ಧ ದಲಿತರು ಸೇರಿದರು. ಕ್ರೈಸ್ತ ದಲಿತರು ಸೇರಲಿಲ್ಲ. ಇಷ್ಟು ವರ್ಷ ಕೇಳಿದ ಪ್ರಸಂಗಗಳಲ್ಲಿ ಇದರ ಸುದ್ದಿಯೇ ಬಂದಿರಲಿಲ್ಲ.

ಈಗ ತಿಂಗಳಿಗೆ ಎರಡು ಸಲ ಕಲ್ಯಾಣದ ಒಂದು ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತೇವೆ. ಕ್ಯಾಥೊಲಿಕ್ ನರ್ಸ್, ಮಾರ್ಥೋಮಾ ದಂಪತಿ, ಮರಾಠಿ ದಲಿತ ಶಿಕ್ಷಕಿ. ಗಿಟಾರಿನ ಹುಡುಗನೂ ಬರುತ್ತಾನೆ, ಜೊತೆಗೆ ಅವನ ಸಂಗಾತಿ. ಶಿಕ್ಷಕಿಯೇ ಹೆಚ್ಚಾಗಿ ಬೋಧಿಸುತ್ತಾರೆ. ಓದು ಮುಗಿದ ಮೇಲೆ ಮನೆಗೆಲಸದವರ ರೇಷನ್ ಕಾರ್ಡ್, ಶಾಲೆಯ ಫೀಸು ಇಂಥ ಕೆಲಸ ಹಂಚಿಕೊಳ್ಳುತ್ತೇವೆ. ಜಗಳವೂ ಇದೆ. ಮೋರ್ಚಾಕ್ಕೆ ಹೋಗಬೇಕೇ ಬೇಡವೇ ಎಂಬುದು ಇನ್ನೂ ಬಗೆಹರಿದಿಲ್ಲ.

ಅವ್ವ ಹಳೆಯ ಸಭೆಯಲ್ಲೇ ಇದ್ದಾಳೆ. ನಾನು ಮರಳಲೆಂದು ಉಪವಾಸ ಮಾಡುತ್ತಾಳೆ. ಹೋದ ತಿಂಗಳು ಕೇಳಿದಳು, ‘ಅಲ್ಲಿ ಕನ್ನಡದಾಗ ಪ್ರಾರ್ಥನಾ ಮಾಡ್ತಾರೇನು?’

‘ನಾ ಒಬ್ಬನ ಮಾಡ್ತೀನವ್ವ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾರ ಆ ಹುಡುಗಗ ಹೇಳು, ಅವನ ಹೆಸರೂ ನಾ ದಿನಾ ತಗೋತೀನಿ ಅಂತ.’