ಮುಚ್ಚಿದ ದೋಣಿ, ಒಂಟಿ ಸವಾರ

ದೊಡ್ಡ ಸರೋವರದಲ್ಲಿ ತೆರೆದ ದೋಣಿಯನ್ನು ಕಾಡುವುದು ಎರಡು: ಅಂಚು ದಾಟಿ ಒಳನುಗ್ಗುವ ಅಲೆ, ಪಕ್ಕದಿಂದ ತಳ್ಳುವ ಗಾಳಿ. ಮಿಶಿಗನ್‌ನ ವೆರ್ಲೆನ್ ಕ್ರೂಗರ್ ಎರಡಕ್ಕೂ ಮದ್ದು ಹುಡುಕಿದರು. ಕಸುಬು ನಲ್ಲಿ-ಕೊಳಾಯಿ ಕೆಲಸ. ಹುಟ್ಟು ಹಿಡಿದದ್ದೇ ನಲವತ್ತು ದಾಟಿದ ಮೇಲೆ!

ಅವರು ರೂಪಿಸಿದ 'ಸೀ ವಿಂಡ್' ಒಬ್ಬರೇ ನಡೆಸುವ, ಸುಮಾರು 17 ಅಡಿಯ ಕನೂ, ಅಂದರೆ ಹುಟ್ಟುದೋಣಿ. ಹಿಂದೆ ಮುಂದೆ ಗಟ್ಟಿ ಹೊದಿಕೆ ಇರುವುದರಿಂದ ಅಲೆ ಅದರ ಮೇಲೇ ಜಾರಿಹೋಗುತ್ತದೆ. ಚುಕ್ಕಾಣಿ ಕಾಲಿನ ಹಿಡಿತದಲ್ಲಿ. ಹೀಗಾಗಿ ಅಡ್ಡಗಾಳಿಯಲ್ಲಿ ಒಂದೇ ಬದಿಗೆ ಹುಟ್ಟು ಹಾಕಿ ಹಾಕಿ ಭುಜ ಸೋಲುವುದಿಲ್ಲ. ಕಿರಿದಾದ ಮುಚ್ಚುದೋಣಿ ಕಯಾಕಿಗಿಂತ ಬಾಯಿ ಅಗಲ; ವಾರಗಟ್ಟಲೆಯ ಸಾಮಾನು ತುಂಬುವುದೂ ಇಳಿಸುವುದೂ ಸಲೀಸು. ಆಸನ ಎತ್ತರದಲ್ಲಿರುವುದರಿಂದ ಮೊಣಕಾಲಿಗೂ ಸುಖ.

1980ರಿಂದ 1983ರವರೆಗೆ ಕ್ರೂಗರ್ ಮತ್ತು ಜೊತೆಗಾರ ಸ್ಟೀವ್ ಲ್ಯಾಂಡಿಕ್ ಇಂಥದೇ ಹೊದಿಕೆ ದೋಣಿಗಳಲ್ಲಿ, ಒಬ್ಬರಿಗೊಂದರಂತೆ, ಉತ್ತರ ಅಮೆರಿಕದಲ್ಲಿ 28,000 ಮೈಲಿ ಸುತ್ತಿದರು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿಯನ್ನು ಹರಿವಿನ ಎದುರಿಗೇ ಹತ್ತಿದರು. ಹಟ ಅನ್ನಿ, ಹುಚ್ಚು ಅನ್ನಿ.

ಕೊರತೆ ಇಲ್ಲವೆಂದಲ್ಲ. ಹೊದಿಕೆ ಎಂದರೆ ಹೆಚ್ಚುವರಿ ಭಾರ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೊತ್ತು ನಡೆಯುವಾಗ ಅದರ ಲೆಕ್ಕ ಹೆಗಲಿಗೆ ಗೊತ್ತಾಗುತ್ತದೆ. ಮಗುಚಿದರೆ ಕಯಾಕಿನವರ ಹಾಗೆ ಕೂತಲ್ಲೇ ಉರುಳಿ ಮೇಲೇಳುವುದೂ ಸುಲಭವಲ್ಲ.